ಮೂತ್ರಪಿಂಡ ಕಸಿ ಮತ್ತು ರಕ್ತದ ಮೂಲಕ ಹರಡುವ ವೈರಸ್‌ಗಳು: ಯಾವ ಔಷಧ, ಯಾವಾಗ, ಯಾವ ದಾನಿಯಿಂದ?

ಮೂತ್ರಪಿಂಡ ಕಸಿಗೆ ಸಿದ್ಧರಾಗುತ್ತಿರುವವರ ತಪಾಸಣಾ ಪಟ್ಟಿಯಲ್ಲಿ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಎಂಬ ಮೂರು ಹೆಸರುಗಳು ಸದಾ ಒಟ್ಟಿಗೇ ಬರುತ್ತವೆ. ರಕ್ತದ ಮೂಲಕ ಹರಡುವುದು, ಹೊರಗೆ ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ದೇಹದಲ್ಲಿ ಉಳಿಯುವುದು, ಪ್ರತಿರೋಧ ಶಕ್ತಿಯನ್ನು ಕುಗ್ಗಿಸುವ ಔಷಧಗಳು ಶುರುವಾದ ಮೇಲೆ ಹೆಚ್ಚು ಅಪಾಯಕಾರಿಯಾಗುವುದು ಮೂರಕ್ಕೂ ಸಮಾನವಾದ ಗುಣಗಳು. ಆದರೆ ನಿರ್ಧಾರ ತೆಗೆದುಕೊಳ್ಳುವ ಹೊತ್ತಿಗೆ ಈ ಸಾಮ್ಯ ನೆರವಿಗೆ ಬರುವುದಿಲ್ಲ, ಹಲವು ಬಾರಿ ದಾರಿಯನ್ನೇ ತಪ್ಪಿಸುತ್ತದೆ. ಹೆಪಟೈಟಿಸ್ ಸಿ ಇರುವವರು ಕೇಳಬೇಕಾದ ಮುಖ್ಯ ಪ್ರಶ್ನೆ, ಸೋಂಕನ್ನು ಕಸಿಗೆ ಮೊದಲು ಗುಣಪಡಿಸಿಕೊಳ್ಳಬೇಕೇ, ಆಮೇಲೆಯೇ ಎಂಬುದು. ಹೆಪಟೈಟಿಸ್ ಬಿ ಇರುವವರು, ಹೊಸ ಮೂತ್ರಪಿಂಡಕ್ಕೆ ತೊಂದರೆ ಕೊಡದೆ ಬಹುಕಾಲ ತೆಗೆದುಕೊಳ್ಳಬಹುದಾದ ಮಾತ್ರೆ ಯಾವುದೆಂದು ಕೇಳಬೇಕು. ಎಚ್‌ಐವಿ ಇರುವವರು, ಈಗ ತೆಗೆದುಕೊಳ್ಳುತ್ತಿರುವ ಔಷಧ ಕಸಿಯ ಔಷಧದೊಡನೆ ಹೊಂದಿಕೊಳ್ಳುತ್ತದೆಯೇ ಎಂದು ಕೇಳಬೇಕು.

ಈ ವ್ಯತ್ಯಾಸಕ್ಕೆ ಕಾರಣ ವೈರಸ್‌ಗಳ ಬದುಕಿನ ಕ್ರಮದಲ್ಲೇ ಇದೆ. ಹೆಪಟೈಟಿಸ್ ಬಿ ವೈರಸ್ ಯಕೃತ್ತಿನ ಜೀವಕೋಶದ ಕೋಶಕೇಂದ್ರದೊಳಗೆ ವೃತ್ತಾಕಾರದ ಡಿಎನ್‌ಎ ರೂಪದಲ್ಲಿ ನೆಲೆಯೂರುತ್ತದೆ. ಇಂದಿನ ಮಾತ್ರೆಗಳು ಅದರ ವೃದ್ಧಿಯನ್ನು ತಡೆಯಬಲ್ಲವೇ ಹೊರತು ಆ ನೆಲೆಯನ್ನು ಕಿತ್ತುಹಾಕಲಾರವು. ಎಚ್‌ಐವಿ ತನ್ನ ವಂಶವಾಹಿಯನ್ನು ಮನುಷ್ಯನ ಜೀವಕೋಶದ ಡಿಎನ್‌ಎಗೇ ಸೇರಿಸಿಬಿಡುತ್ತದೆ. ಹೆಪಟೈಟಿಸ್ ಸಿ ಮಾತ್ರ ಇಂಥ ಶಾಶ್ವತ ನೆಲೆಯಿಲ್ಲದ ಆರ್‌ಎನ್‌ಎ ವೈರಸ್ ಆದ್ದರಿಂದ, ಅದರ ವೃದ್ಧಿಯನ್ನು ಕೆಲವು ವಾರ ಪೂರ್ತಿಯಾಗಿ ನಿಲ್ಲಿಸಿದರೆ ಸೋಂಕೇ ಹೋಗಿಬಿಡುತ್ತದೆ. ಒಂದನ್ನು ಗುಣಪಡಿಸಬಹುದು, ಉಳಿದೆರಡನ್ನು ಹತೋಟಿಯಲ್ಲಿಡಬಹುದು. ಮುಂದಿನ ಆಯ್ಕೆಗಳೆಲ್ಲ ಇದರ ಮೇಲೆಯೇ ನಿಂತಿವೆ.

ಈ ಮೂರರಲ್ಲಿ ಯಾವುದೇ ಸೋಂಕು ಇದೆ ಎಂಬ ಒಂದೇ ಕಾರಣಕ್ಕೆ ಕಸಿಯನ್ನು ನಿರಾಕರಿಸುವ ಕಾಲ ಮುಗಿದಿದೆ. ಸೋಂಕು ಹತೋಟಿಯಲ್ಲಿದ್ದರೆ, ಡಯಾಲಿಸಿಸ್‌ನಲ್ಲೇ ಉಳಿಯುವುದಕ್ಕಿಂತ ಕಸಿ ಮಾಡಿಸಿಕೊಳ್ಳುವುದರಿಂದ ಆಯುಷ್ಯವೂ ಬದುಕಿನ ಗುಣಮಟ್ಟವೂ ಹೆಚ್ಚುತ್ತವೆ. ನಿಜವಾಗಿ ಕಸಿಯ ದಾರಿಯನ್ನು ಬದಲಿಸುವುದು ಯಕೃತ್ತಿನ ಸ್ಥಿತಿ. ಹೆಪಟೈಟಿಸ್ ಬಿ ಅಥವಾ ಸಿ ಇರುವ ಪ್ರತಿಯೊಬ್ಬರಿಗೂ ಯಕೃತ್ತು ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಫೈಬ್ರೋಸ್ಕ್ಯಾನ್ ಎಂಬ ಸ್ಕ್ಯಾನ್‌ನಿಂದಲೋ ಬಯಾಪ್ಸಿಯಿಂದಲೋ (ಅಂಗಾಂಶದ ಚೂರನ್ನು ತೆಗೆದು ನೋಡುವ ಪರೀಕ್ಷೆ) ಮೊದಲೇ ಅಳೆಯಬೇಕು. ಸಿರೋಸಿಸ್ (ಗಾಯದ ಅಂಗಾಂಶ ತುಂಬಿ ಯಕೃತ್ತು ಗಟ್ಟಿಯಾಗಿ ಕೆಟ್ಟಿರುವ ಸ್ಥಿತಿ) ಇದ್ದು, ಹೊಟ್ಟೆಯಲ್ಲಿ ನೀರು ತುಂಬುವುದು ಅಥವಾ ಅನ್ನನಾಳದ ರಕ್ತನಾಳಗಳು ಉಬ್ಬುವುದು ಕಂಡುಬಂದಿದ್ದರೆ ಮೂತ್ರಪಿಂಡವೊಂದನ್ನೇ ಕಸಿ ಮಾಡುವುದು ಸಾಮಾನ್ಯವಾಗಿ ಸುರಕ್ಷಿತವಲ್ಲ. ಆಗ ಯಕೃತ್ತು ಮತ್ತು ಮೂತ್ರಪಿಂಡ ಎರಡನ್ನೂ ಒಟ್ಟಿಗೆ ಕಸಿ ಮಾಡುವ ವಿಚಾರ ಬರುತ್ತದೆ.

ಹೆಪಟೈಟಿಸ್ ಸಿ: ಕಸಿಗೆ ಮೊದಲೋ, ನಂತರವೋ?

ಒಂದು ಕಾಲದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರವಿತ್ತು. ಆಗಿನ ಮುಖ್ಯ ಔಷಧವಾದ ಇಂಟರ್‌ಫೆರಾನ್ ಪ್ರತಿರೋಧ ವ್ಯವಸ್ಥೆಯನ್ನು ಕೆರಳಿಸುತ್ತಿದ್ದುದರಿಂದ, ಕಸಿಯ ನಂತರ ಕೊಟ್ಟರೆ ದೇಹ ಹೊಸ ಮೂತ್ರಪಿಂಡವನ್ನೇ ತಿರಸ್ಕರಿಸುವ ಭಯವಿತ್ತು. ಹಾಗಾಗಿ ಡಯಾಲಿಸಿಸ್‌ನಲ್ಲಿರುವಾಗಲೇ ಚಿಕಿತ್ಸೆ ಮುಗಿಸುವುದು ಅನಿವಾರ್ಯವಾಗಿತ್ತು. 2013ರ ಕೊನೆಯಲ್ಲಿ ಅಮೆರಿಕದಲ್ಲಿ ಸೋಫೋಸ್ಬುವಿರ್‌ಗೆ ಅನುಮತಿ ಸಿಕ್ಕಿ, ಅದರ ಬೆನ್ನಿಗೇ ನೇರವಾಗಿ ವೈರಸ್ಸನ್ನೇ ತಡೆಯುವ ಇತರ ಮಾತ್ರೆಗಳೂ ಬಂದವು. ಕಸಿ ಮಾಡಿಸಿಕೊಂಡವರಲ್ಲೂ 100ಕ್ಕೆ 95ಕ್ಕಿಂತ ಹೆಚ್ಚು ಮಂದಿ ಈ ಮಾತ್ರೆಗಳಿಂದ ಗುಣಹೊಂದುತ್ತಾರೆ, ತಿರಸ್ಕಾರದ ಅಪಾಯವೂ ಹೆಚ್ಚುವುದಿಲ್ಲ. ಆದರೂ ‘ಮೊದಲು ಗುಣಪಡಿಸಿಕೊಂಡು ಬನ್ನಿ’ ಎಂಬ ಹಳೆಯ ಸಲಹೆ ಅಭ್ಯಾಸಬಲದಿಂದ ಈಗಲೂ ಕೇಳಿಬರುತ್ತದೆ. ಕೆಲವರಿಗೆ ಅದು ಸರಿಯಾದ ಸಲಹೆ, ಎಲ್ಲರಿಗೂ ಅಲ್ಲ.

ಕಸಿಗೆ ಮೊದಲೇ ಚಿಕಿತ್ಸೆ ಪಡೆಯುವುದು ಯಾರಿಗೆ ಒಳ್ಳೆಯದು? ಯಕೃತ್ತಿನಲ್ಲಿ ಈಗಾಗಲೇ ಹೆಚ್ಚು ಗಾಯದ ಅಂಗಾಂಶ ಕಟ್ಟಿಕೊಂಡಿರುವವರಿಗೆ, ಹೆಪಟೈಟಿಸ್ ಸಿಯಿಂದಲೇ ಮೂತ್ರಪಿಂಡದ ಸೋಸುಗಗಳು ಕೆಟ್ಟು ಅದೇ ರೋಗ ಹೊಸ ಮೂತ್ರಪಿಂಡದಲ್ಲಿ ಮರುಕಳಿಸುವ ಸಂಭವವಿರುವವರಿಗೆ, ಮತ್ತು ಶಸ್ತ್ರಚಿಕಿತ್ಸೆಗೆ ಸುಮಾರು ಆರು ತಿಂಗಳಾದರೂ ಸಮಯವಿರುವವರಿಗೆ. ಆರು ತಿಂಗಳು ಎಂಬುದಕ್ಕೆ ಲೆಕ್ಕವಿದೆ. ಸಾಮಾನ್ಯವಾಗಿ ಚಿಕಿತ್ಸೆಗೆ 12 ವಾರ, ಅದು ಮುಗಿದ ಮೇಲೆ ವೈರಸ್ ಮರಳಿಲ್ಲವೆಂದು ದೃಢಪಡಿಸಿಕೊಳ್ಳಲು ಇನ್ನೂ 12 ವಾರ ಬೇಕು. ಸೋಫೋಸ್ಬುವಿರ್‌ನ ಉಳಿಕೆ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ಡಯಾಲಿಸಿಸ್‌ನವರಿಗೆ ಅದನ್ನು ಕೊಡಲು ಮೊದಲು ಹಿಂಜರಿಕೆಯಿತ್ತು. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಡಯಾಲಿಸಿಸ್‌ನವರಿಗೂ ಅದರ ಬಳಕೆಯನ್ನು ಒಪ್ಪಿದ ಮೇಲೆ ಆ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗಿದೆ.

ಚಿಕಿತ್ಸೆಯನ್ನು ಕಸಿಯ ನಂತರಕ್ಕೆ ಇಟ್ಟುಕೊಳ್ಳುವುದು ಯಾರಿಗೆ ಒಳ್ಳೆಯದು ಎಂಬುದು ದಾನಿ ಯಾರು ಎನ್ನುವುದನ್ನು ಅವಲಂಬಿಸಿದೆ. ಜೀವಂತ ದಾನಿ ಸಿದ್ಧರಿದ್ದು, ಶಸ್ತ್ರಚಿಕಿತ್ಸೆ ಕೆಲವೇ ವಾರಗಳಲ್ಲಿ ನಡೆಯುವಂತಿದ್ದರೆ, ಯಕೃತ್ತು ಚೆನ್ನಾಗಿರುವ ರೋಗಿ ಕೇವಲ ಈ ಚಿಕಿತ್ಸೆಗಾಗಿ ಕಸಿಯನ್ನು ಮುಂದೂಡಬೇಕಾಗಿಲ್ಲ. ಮೃತ ದಾನಿಯ ಅಂಗಕ್ಕಾಗಿ ಕಾಯುತ್ತಿರುವವರ ಲೆಕ್ಕ ಬೇರೆ. ಹೆಪಟೈಟಿಸ್ ಸಿ ಸೋಂಕಿದ್ದ ದಾನಿಗಳ ಮೂತ್ರಪಿಂಡವನ್ನು ಬಳಸುವ ಕೇಂದ್ರದಲ್ಲಿ ಹೆಸರು ನೋಂದಾಯಿಸಿದ್ದರೆ, ಸೋಂಕನ್ನು ಹಾಗೇ ಇಟ್ಟುಕೊಂಡು ಆ ಅಂಗವನ್ನು ಪಡೆದು, ನಂತರ ಒಂದೇ ಸಲ ಚಿಕಿತ್ಸೆ ಮಾಡಿಸಿಕೊಳ್ಳುವುದರಿಂದ ಕಾಯುವ ಅವಧಿ ಕಡಿಮೆಯಾಗಬಹುದು. ಈಗ ಹಲವು ಕೇಂದ್ರಗಳು ಅಂಥ ಅಂಗಗಳನ್ನು ಸೋಂಕಿಲ್ಲದವರಿಗೂ ಕೊಡುತ್ತಿರುವುದರಿಂದ ಈ ಅನುಕೂಲ ಮೊದಲಿನಷ್ಟು ಉಳಿದಿಲ್ಲ. ಆದ್ದರಿಂದ ತಮ್ಮ ಕೇಂದ್ರದ ಪದ್ಧತಿ ಏನೆಂದು ಕೇಳಿ ತಿಳಿಯದೆ ಚಿಕಿತ್ಸೆಯನ್ನು ಮುಂದಕ್ಕೆ ಹಾಕುವುದು ಸರಿಯಲ್ಲ. ಕಸಿಯ ನಂತರ ಎಂದರೆ ಮೊದಲ ಕೆಲವು ತಿಂಗಳೊಳಗೆ ಎಂದರ್ಥ. ಚಿಕಿತ್ಸೆಯಿಲ್ಲದೆ ವರ್ಷಗಟ್ಟಲೆ ಬಿಟ್ಟರೆ ಕಸಿಯ ನಂತರ ಬರುವ ಸಕ್ಕರೆ ಕಾಯಿಲೆಯ ಸಂಭವ ಹೆಚ್ಚುತ್ತದೆ, ಹೊಸ ಮೂತ್ರಪಿಂಡದ ಸೋಸುಗಗಳಿಗೆ ಹಾನಿಯಾಗಬಹುದು, ಅಪರೂಪಕ್ಕೆ ಯಕೃತ್ತು ಅತಿ ಬೇಗ ಕುಸಿಯುವ ಮಾರಕ ಸ್ಥಿತಿಯೂ ಬರಬಹುದು.

ಮಾತ್ರೆಗಳಲ್ಲಿ ಯಾವುದು? ಸದ್ಯ ಮುಖ್ಯವಾಗಿ ಎರಡು ಜೋಡಿಗಳ ನಡುವೆ ಆಯ್ಕೆ: ಸೋಫೋಸ್ಬುವಿರ್–ವೆಲ್ಪಟಾಸ್ವಿರ್ ಮತ್ತು ಗ್ಲೆಕಾಪ್ರೆವಿರ್–ಪಿಬ್ರೆಂಟಾಸ್ವಿರ್. ಎರಡೂ ವೈರಸ್ಸಿನ ಎಲ್ಲ ಪ್ರಮುಖ ಪ್ರಭೇದಗಳ ಮೇಲೆ ಕೆಲಸ ಮಾಡುತ್ತವೆ, ಗುಣವಾಗುವ ಪ್ರಮಾಣವೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಜೊತೆಯ ಔಷಧಗಳಲ್ಲಿ. ಎರಡನೆಯ ಜೋಡಿ, ತಿರಸ್ಕಾರ ತಡೆಯಲು ಕಸಿಯಾದವರು ತೆಗೆದುಕೊಳ್ಳುವ ಟ್ಯಾಕ್ರೋಲಿಮಸ್‌ನ ರಕ್ತಮಟ್ಟವನ್ನು ಸ್ವಲ್ಪ ಏರಿಸುತ್ತದೆ, ಅದೇ ಕೆಲಸದ ಇನ್ನೊಂದು ಔಷಧವಾದ ಸೈಕ್ಲೋಸ್ಪೋರಿನ್ ಅನ್ನು ದಿನಕ್ಕೆ 100 ಮಿಲಿಗ್ರಾಂಗಿಂತ ಹೆಚ್ಚು ತೆಗೆದುಕೊಳ್ಳುವವರಿಗೆ ಹೊಂದುವುದಿಲ್ಲ, ಮತ್ತು ಯಕೃತ್ತು ಸೋಲುವ ಹಂತಕ್ಕೆ ಬಂದವರಿಗೆ ಕೊಡಬಾರದು. ಮೊದಲ ಜೋಡಿಗೆ ಈ ತೊಡಕುಗಳಿಲ್ಲ. ಆದರೆ ವೆಲ್ಪಟಾಸ್ವಿರ್ ರಕ್ತಕ್ಕೆ ಸೇರಲು ಹೊಟ್ಟೆಯಲ್ಲಿ ಆಮ್ಲ ಬೇಕು, ಕಸಿಯಾದವರಲ್ಲಿ ಬಹುಮಂದಿ ಸ್ಟೀರಾಯ್ಡ್ ಜೊತೆಗೆ ಒಮೆಪ್ರಜೋಲ್‌ನಂಥ ಆಮ್ಲ ಕಡಿಮೆ ಮಾಡುವ ಮಾತ್ರೆಯನ್ನು ತೆಗೆದುಕೊಳ್ಳುತ್ತಿರುತ್ತಾರೆ. ಹೃದಯದ ಬಡಿತಕ್ಕಾಗಿ ಅಮಿಯೊಡರೋನ್ ತೆಗೆದುಕೊಳ್ಳುವವರಿಗೆ ಸೋಫೋಸ್ಬುವಿರ್ ಕೊಟ್ಟರೆ ಬಡಿತ ಅಪಾಯಕಾರಿಯಾಗಿ ನಿಧಾನವಾಗಬಹುದು. ಕ್ಷಯರೋಗದ ರಿಫಾಂಪಿಸಿನ್, ಅಪಸ್ಮಾರದ ಫೆನಿಟಾಯಿನ್ ಮತ್ತು ಕಾರ್ಬಮಜೆಪೈನ್ ಎರಡೂ ಜೋಡಿಗಳ ಬಲವನ್ನು ಕುಂದಿಸುತ್ತವೆ. ಸಾಮಾನ್ಯವಾಗಿ ಟ್ಯಾಕ್ರೋಲಿಮಸ್ ಮೇಲಿರುವವರಿಗೆ ಮೊದಲ ಜೋಡಿಯೇ ಸರಳವೆಂಬುದು ನನ್ನ ಅಭಿಪ್ರಾಯ.

ಯಾವ ಜೋಡಿ ಆರಿಸಿದರೂ ಒಂದು ವಿಷಯ ಗಮನದಲ್ಲಿರಲಿ. ವೈರಸ್ ಹೋಗಿ ಯಕೃತ್ತು ಚೇತರಿಸಿಕೊಂಡಂತೆ ಅದು ಟ್ಯಾಕ್ರೋಲಿಮಸ್ಸನ್ನು ಹೆಚ್ಚು ವೇಗವಾಗಿ ಕರಗಿಸತೊಡಗುತ್ತದೆ. ಡೋಸ್ ಬದಲಾಗದಿದ್ದರೂ ರಕ್ತದಲ್ಲಿ ಅದರ ಮಟ್ಟ ಇಳಿಯಬಹುದು. ಚಿಕಿತ್ಸೆಯ ಅವಧಿಯಲ್ಲೂ, ಮುಗಿದ ನಂತರದ ಕೆಲವು ವಾರಗಳಲ್ಲೂ ಈ ಮಟ್ಟವನ್ನು ಎಂದಿಗಿಂತ ಹೆಚ್ಚು ಬಾರಿ ಅಳೆಯಬೇಕು.

ಸೋಂಕಿಲ್ಲದವರು ಸೋಂಕಿದ್ದ ದಾನಿಯ ಅಂಗವನ್ನು ಒಪ್ಪಬಹುದೇ?

ಈ ಮಾತ್ರೆಗಳು ಬರುವ ಮೊದಲು ಇದನ್ನು ಯಾರೂ ಗಂಭೀರವಾಗಿ ಕೇಳುತ್ತಿರಲಿಲ್ಲ. 2017ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ, ಹೆಪಟೈಟಿಸ್ ಸಿ ಇದ್ದ ದಾನಿಗಳ ಮೂತ್ರಪಿಂಡವನ್ನು ಸೋಂಕಿಲ್ಲದ 10 ಮಂದಿಗೆ ಕಸಿ ಮಾಡಿ, ರಕ್ತದಲ್ಲಿ ವೈರಸ್ ಕಾಣಿಸಿಕೊಂಡ ಮೇಲೆ ಚಿಕಿತ್ಸೆ ಕೊಟ್ಟಾಗ ಹತ್ತೂ ಮಂದಿ ಗುಣಹೊಂದಿದರು. ಮರುವರ್ಷ ಜಾನ್ಸ್ ಹಾಪ್‌ಕಿನ್ಸ್‌ನ ತಂಡ ಶಸ್ತ್ರಚಿಕಿತ್ಸೆಗೆ ಮುನ್ನವೇ ಔಷಧ ಶುರುಮಾಡುವ ಕ್ರಮವನ್ನು ಮತ್ತೆ 10 ಮಂದಿಯಲ್ಲಿ ಅನುಸರಿಸಿ ಯಶಸ್ಸು ಕಂಡಿತು. ಈ ಎರಡು ಕ್ರಮಗಳೇ ಇಂದಿನ ಆಯ್ಕೆಗಳು. ವೈರಸ್ ಕಾಣಿಸಿಕೊಳ್ಳುವವರೆಗೆ ಕಾದರೆ ರೋಗಿ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಂಡ ಮೇಲೆ ನಿಧಾನವಾಗಿ ಔಷಧ ಆರಿಸಬಹುದು. ಆದರೆ ಔಷಧ ಕೈಸೇರುವುದು ತಡವಾದರೆ ಹೊಸದಾಗಿ ಬಂದ ಸೋಂಕು, ಪ್ರತಿರೋಧವಿಲ್ಲದ ದೇಹದಲ್ಲಿ ಯಕೃತ್ತನ್ನು ತೀವ್ರವಾಗಿ ಕೆಡಿಸಬಹುದು. ಮೊದಲೇ ಶುರುಮಾಡಿದರೆ ಸೋಂಕು ಬೇರೂರಲು ಅವಕಾಶವೇ ಸಿಗುವುದಿಲ್ಲ. ಆದರೆ ಔಷಧ ಶಸ್ತ್ರಚಿಕಿತ್ಸೆಯ ದಿನವೇ ಸಿದ್ಧವಿರಬೇಕು. ಯಾವ ಕ್ರಮವಾದರೂ ಸರಿ, ಔಷಧದ ಖರ್ಚನ್ನು ಯಾರು ಭರಿಸುತ್ತಾರೆ ಮತ್ತು ಅದು ಯಾವ ದಿನ ಕೈಗೆ ಬರುತ್ತದೆ ಎಂಬುದು ಬರಹದಲ್ಲಿ ಖಚಿತವಾಗದೆ ಒಪ್ಪಿಗೆಗೆ ಸಹಿ ಹಾಕಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ದಾನಿಯಲ್ಲಿ ಪ್ರತಿಕಾಯ (ವೈರಸ್ಸಿನ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನ್) ಮಾತ್ರ ಇದ್ದು ವೈರಸ್ಸಿನ ಆರ್‌ಎನ್‌ಎ ಇಲ್ಲದಿದ್ದರೆ ಅಪಾಯ ತುಂಬ ಕಡಿಮೆ. ಇನ್ನೊಂದು ವಿಷಯ: ಹೀಗೆ ಸೋಂಕು ತಗಲಿ ಗುಣವಾದವರ ಪ್ರತಿಕಾಯ ಪರೀಕ್ಷೆ ಬಳಿಕವೂ ಪಾಸಿಟಿವ್ ಆಗಿಯೇ ಉಳಿಯಬಹುದು, ಮುಂದೆ ಎಲ್ಲಿ ಪರೀಕ್ಷೆ ಮಾಡಿಸಿದರೂ ಆರ್‌ಎನ್‌ಎ ಪರೀಕ್ಷೆಯನ್ನೇ ಕೇಳಬೇಕು.

ಹೆಪಟೈಟಿಸ್ ಬಿ: ಬಹುಕಾಲದ ಮಾತ್ರೆ ಯಾವುದು?

ರಕ್ತದಲ್ಲಿ ಎಚ್‌ಬಿಎಸ್‌ಎಜಿ (ಈಗ ಸೋಂಕಿರುವುದನ್ನು ತೋರಿಸುವ, ವೈರಸ್ಸಿನ ಹೊರಪದರದ ಪ್ರೋಟೀನ್) ಪಾಸಿಟಿವ್ ಇರುವವರು ಕಸಿಗೆ ಮೊದಲು ಅಥವಾ ತಡವೆಂದರೆ ಕಸಿಯ ಹೊತ್ತಿಗೆ ವೈರಸ್ ತಡೆಯುವ ಮಾತ್ರೆಯನ್ನು ಶುರುಮಾಡಲೇಬೇಕು. ರಕ್ತದಲ್ಲಿ ವೈರಸ್ ಕಡಿಮೆಯಿದೆ, ಯಕೃತ್ತಿನ ಪರೀಕ್ಷೆ ಸರಿಯಿದೆ ಎಂಬುದು ಇಲ್ಲಿ ರಿಯಾಯಿತಿಗೆ ಕಾರಣವಾಗದು. ಪ್ರತಿರೋಧ ಶಕ್ತಿಯನ್ನು ಕುಗ್ಗಿಸುವ ಔಷಧ ಇರುವವರೆಗೂ ಈ ಮಾತ್ರೆಯೂ ಇರಬೇಕು. ನಡುವೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಕೆರಳಿ ಯಕೃತ್ತು ಸೋಲಬಹುದು.

ಲಾಮಿವುಡಿನ್ ಅಗ್ಗ, ಅಡ್ಡಪರಿಣಾಮವೂ ಕಡಿಮೆ. ಆದರೆ ಐದು ವರ್ಷ ಇದೊಂದನ್ನೇ ತೆಗೆದುಕೊಂಡವರಲ್ಲಿ ಸುಮಾರು 100ಕ್ಕೆ 70 ಮಂದಿಯ ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ. ಹತ್ತಿಪ್ಪತ್ತು ವರ್ಷ ನಡೆಯಬೇಕಾದ ಚಿಕಿತ್ಸೆಗೆ ಇದನ್ನು ಆರಿಸುವುದು, ಬೇರೆ ಔಷಧ ಸಿಗುವಲ್ಲಿ, ಸಮರ್ಥನೀಯವಲ್ಲ. ಅಡೆಫೋವಿರ್ ಮೂತ್ರಪಿಂಡಕ್ಕೇ ಹಾನಿಕಾರಕ. ಅದನ್ನು ಪಟ್ಟಿಯಿಂದಲೇ ಬಿಡಬಹುದು. ಉಳಿಯುವುದು ಎಂಟೆಕಾವಿರ್ ಮತ್ತು ಟೆನೋಫೋವಿರ್. ಟೆನೋಫೋವಿರ್‌ನಲ್ಲಿ ಎರಡು ರೂಪಗಳಿವೆ. ಹಳೆಯದಾದ ಟಿಡಿಎಫ್ ಮೂತ್ರಪಿಂಡದ ನಾಳಿಕೆಗಳನ್ನು ಕೆಡಿಸಿ, ಫಾಸ್ಫೇಟ್ ಸೋರಿಹೋಗಿ ಮೂಳೆ ಸವೆಯುವಂತೆ ಮಾಡಬಲ್ಲದು. ಸ್ಟೀರಾಯ್ಡ್‌ನಿಂದ ಮೂಳೆ ಮೊದಲೇ ದುರ್ಬಲವಾಗಿರುವ ಕಸಿಯ ರೋಗಿಗೆ ಇದು ಎರಡು ಕಡೆಯ ಹೊಡೆತ. ಹೆಪಟೈಟಿಸ್ ಬಿಗೆ 2016ರಲ್ಲಿ ಅನುಮತಿ ಪಡೆದ ಟಿಎಎಫ್ ಯಕೃತ್ತಿನ ಜೀವಕೋಶದೊಳಗೇ ಹೆಚ್ಚಾಗಿ ಸಕ್ರಿಯವಾಗುವುದರಿಂದ, 25 ಮಿಲಿಗ್ರಾಂನಷ್ಟು ಸಣ್ಣ ಡೋಸೇ ಸಾಕಾಗುತ್ತದೆ, ಮೂತ್ರಪಿಂಡದ ಮೇಲಿನ ಹೊರೆಯೂ ಇಳಿಯುತ್ತದೆ.

ಹಾಗಾದರೆ ಎಂಟೆಕಾವಿರ್ ಅಥವಾ ಟಿಎಎಫ್? ಹಿಂದೆ ಯಾವತ್ತೂ ಲಾಮಿವುಡಿನ್ ತೆಗೆದುಕೊಳ್ಳದವರಿಗೆ ಎರಡೂ ಒಳ್ಳೆಯವೇ. ಅಂಥವರಲ್ಲಿ ಐದು ವರ್ಷಕ್ಕೆ ಎಂಟೆಕಾವಿರ್‌ಗೆ ವೈರಸ್ ಬಗ್ಗದಂತಾಗುವುದು 100ಕ್ಕೆ ಸುಮಾರು ಒಬ್ಬರಲ್ಲಿ. ಲಾಮಿವುಡಿನ್‌ಗೆ ಬಗ್ಗದ ವೈರಸ್ ಇರುವವರಲ್ಲಿ ಮಾತ್ರ ಆ ಪ್ರಮಾಣ ಐದು ವರ್ಷದಲ್ಲಿ ಅರ್ಧದಷ್ಟಕ್ಕೆ ಏರುತ್ತದೆ. ಅವರಿಗೆ ಟಿಎಎಫ್ ಬೇಕು. ಹೀಗಾಗಿ ಹಳೆಯ ಔಷಧ ಚೀಟಿಗಳನ್ನು ಎಸೆಯದೆ ತಂಡಕ್ಕೆ ತೋರಿಸುವುದು ಮುಖ್ಯ.

ಎಂಟೆಕಾವಿರ್ ಆರಿಸಿಕೊಂಡವರು ಡೋಸ್ ವಿಚಾರದಲ್ಲಿ ಎಚ್ಚರವಾಗಿರಬೇಕು. ಮಾಮೂಲಿ ಡೋಸ್ ದಿನಕ್ಕೆ 0.5 ಮಿಲಿಗ್ರಾಂ, ಅದೂ ಒಂದು ಊಟವಾಗಿ ಕನಿಷ್ಠ ಎರಡು ಗಂಟೆಯ ನಂತರ ಮತ್ತು ಮುಂದಿನ ಊಟಕ್ಕೆ ಎರಡು ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ. ಡಯಾಲಿಸಿಸ್‌ನಲ್ಲಿದ್ದಾಗ ಅದೇ 0.5 ಮಿಲಿಗ್ರಾಂ ಮಾತ್ರೆಯನ್ನು ವಾರಕ್ಕೊಮ್ಮೆ, ಡಯಾಲಿಸಿಸ್ ಮುಗಿದ ಮೇಲೆ ಕೊಡುತ್ತಾರೆ. ಕಸಿ ಯಶಸ್ವಿಯಾಗಿ ಹೊಸ ಮೂತ್ರಪಿಂಡ ಕೆಲಸ ಶುರುಮಾಡಿದೊಡನೆ ಔಷಧ ಬೇಗ ಹೊರಹೋಗತೊಡಗುತ್ತದೆ. ಹಳೆಯ ಚೀಟಿಯಂತೆ ವಾರಕ್ಕೊಂದೇ ಮಾತ್ರೆ ಮುಂದುವರಿದರೆ, ಪ್ರತಿರೋಧ ಶಕ್ತಿ ಅತ್ಯಂತ ಕುಗ್ಗಿರುವ ಆ ದಿನಗಳಲ್ಲಿ ರೋಗಿ ಬಹುಮಟ್ಟಿಗೆ ರಕ್ಷಣೆಯಿಲ್ಲದೆ ಇರುತ್ತಾರೆ. ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ ಈ ಒಂದು ಸಾಲನ್ನು ಓದಿ ನೋಡಿ, ವಾರಕ್ಕೊಮ್ಮೆ ಎಂದೇ ಇದ್ದರೆ ತಕ್ಷಣ ವಿಚಾರಿಸಿ. ಟಿಎಎಫ್‌ಗೆ ಈ ಗೊಂದಲವಿಲ್ಲ ಎಂಬುದೂ ಅದರ ಪರವಾದ ಒಂದು ಅಂಶ.

ವರದಿಯಲ್ಲಿ ಎಚ್‌ಬಿಎಸ್‌ಎಜಿ ನೆಗೆಟಿವ್ ಇದ್ದು, ಆಂಟಿ-ಎಚ್‌ಬಿಸಿ (ವೈರಸ್ಸಿನ ಒಳಭಾಗದ ವಿರುದ್ಧ ಹುಟ್ಟುವ ಪ್ರತಿಕಾಯ) ಪಾಸಿಟಿವ್ ಇರುವವರ ಪಾಡು ಬೇರೆ. ಅವರಿಗೆ ಎಂದೋ ಸೋಂಕು ಬಂದು ಅಡಗಿದೆ ಎಂದರ್ಥ. ಮೂತ್ರಪಿಂಡ ಕಸಿಯಲ್ಲಿ ಅದು ಮತ್ತೆ ತಲೆಯೆತ್ತುವ ಸಂಭವ ಕಡಿಮೆಯಾದ್ದರಿಂದ, ಎಲ್ಲರಿಗೂ ಮಾತ್ರೆ ಕೊಡುವ ಬದಲು ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡುತ್ತ ಕಾಯುವುದು ಒಪ್ಪತಕ್ಕ ದಾರಿ. ಪ್ರತಿರೋಧ ವ್ಯವಸ್ಥೆಯ ಬಿ ಜೀವಕೋಶಗಳನ್ನು ಅಳಿಸುವ ರಿಟುಕ್ಸಿಮ್ಯಾಬ್ ಕೊಡಬೇಕಾದಾಗ ಮಾತ್ರ ಕಾಯುವುದನ್ನು ಬಿಟ್ಟು ಮಾತ್ರೆ ಶುರುಮಾಡಿ, ಆ ಔಷಧದ ಕೊನೆಯ ಡೋಸ್ ನಂತರವೂ ಕನಿಷ್ಠ ಒಂದು ವರ್ಷ ಮುಂದುವರಿಸಬೇಕು.

ಸೋಂಕಿಲ್ಲದವರಿಗೆ ಲಸಿಕೆಯಿದೆ. ಮೂತ್ರಪಿಂಡ ಪೂರ್ತಿ ಸೋಲುವ ಮುನ್ನವೇ ಹಾಕಿಸಿಕೊಂಡರೆ ಪ್ರತಿಕಾಯ ಚೆನ್ನಾಗಿ ಹುಟ್ಟುತ್ತದೆ. ಡಯಾಲಿಸಿಸ್ ಶುರುವಾದ ಮೇಲೆ ಮಾಮೂಲಿ ಲಸಿಕೆಯಾದರೆ ಎರಡರಷ್ಟು, ಅಂದರೆ 40 ಮೈಕ್ರೋಗ್ರಾಂ ಡೋಸ್ ಬೇಕು. ಕಸಿಯಾದ ಮೇಲೆ ಫಲ ಇನ್ನೂ ಕಡಿಮೆ. ಪ್ರತಿಕಾಯದ ಮಟ್ಟ 10 ಯೂನಿಟ್‌ಗಿಂತ ಕೆಳಗಿಳಿದರೆ ಬೂಸ್ಟರ್ ಹಾಕಿಸಬೇಕು. ಈ ಮಟ್ಟ ಉಳಿಸಿಕೊಂಡವರಿಗೆ ಇನ್ನೊಂದು ಲಾಭವೂ ಇದೆ: ಆಂಟಿ-ಎಚ್‌ಬಿಸಿ ಮಾತ್ರ ಪಾಸಿಟಿವ್ ಇರುವ ದಾನಿಯ ಮೂತ್ರಪಿಂಡವನ್ನು ಅವರು ಅತಿ ಕಡಿಮೆ ಅಪಾಯದಲ್ಲಿ ಪಡೆಯಬಹುದು.

ಎಚ್‌ಐವಿ: ಔಷಧಗಳ ಹೊಂದಾಣಿಕೆ

ಅಮೆರಿಕದಲ್ಲಿ ಎಚ್‌ಐವಿ ಇರುವ 150 ಮಂದಿಗೆ ಮೂತ್ರಪಿಂಡ ಕಸಿ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಮೂರು ವರ್ಷದ ಕೊನೆಗೆ 100ಕ್ಕೆ 88 ಮಂದಿ ಬದುಕಿದ್ದರು. ಕಸಿ ಮಾಡಬಾರದೆಂಬ ವಾದ ಅಲ್ಲಿಗೆ ಬಿದ್ದುಹೋಯಿತು. ಆದರೆ ಮೊದಲ ವರ್ಷದಲ್ಲೇ 100ಕ್ಕೆ 31 ಮಂದಿಯಲ್ಲಿ ತಿರಸ್ಕಾರ ಕಂಡಿತ್ತು. ಆ ಕಾಲದ ಇತರ ಕಸಿಗಳಿಗೆ ಹೋಲಿಸಿದರೆ ಇದು ಎರಡು ಮೂರು ಪಟ್ಟು ಹೆಚ್ಚು. ಔಷಧಗಳ ನಡುವಿನ ತಿಕ್ಕಾಟವೂ ಇದಕ್ಕೆ ಒಂದು ಕಾರಣವಾಗಿತ್ತು.

ಇತರ ಎಚ್‌ಐವಿ ಔಷಧಗಳ ಬಲ ಹೆಚ್ಚಿಸುವ ರಿಟೋನಾವಿರ್ ಅಥವಾ ಕೋಬಿಸಿಸ್ಟಾಟ್ ಸೇರಿಸಿದ ಚಿಕಿತ್ಸೆಯಲ್ಲಿರುವವರ ಯಕೃತ್ತು ಟ್ಯಾಕ್ರೋಲಿಮಸ್ಸನ್ನು ಕರಗಿಸುವ ಕೆಲಸವನ್ನೇ ಬಹುಮಟ್ಟಿಗೆ ನಿಲ್ಲಿಸುತ್ತದೆ. ಬೇರೆಯವರು ದಿನಕ್ಕೆರಡು ಬಾರಿ ತೆಗೆದುಕೊಳ್ಳುವ ಔಷಧ ಇವರಿಗೆ ವಾರಕ್ಕೊಂದು 0.5 ಮಿಲಿಗ್ರಾಂ ಮಾತ್ರೆಯೇ ಸಾಕಾಗಬಹುದು. ವಿಷಯ ತಿಳಿಯದವರು ಮಾಮೂಲಿ ಡೋಸ್ ಕೊಟ್ಟರೆ ಔಷಧ ವಿಷವಾಗಿ ಹೊಸ ಮೂತ್ರಪಿಂಡಕ್ಕೇ ಏಟು ಬೀಳುತ್ತದೆ. ರಿಟೋನಾವಿರ್ ನಿಂತರೆ ಮಟ್ಟ ಕುಸಿದು ತಿರಸ್ಕಾರಕ್ಕೆ ದಾರಿಯಾಗುತ್ತದೆ. ಎಫಾವಿರೆಂಜ್ ಇದಕ್ಕೆ ತದ್ವಿರುದ್ಧ, ಅದು ಟ್ಯಾಕ್ರೋಲಿಮಸ್ಸನ್ನು ಬೇಗ ಕರಗಿಸುವುದರಿಂದ ಹೆಚ್ಚಿನ ಡೋಸ್ ಬೇಕಾಗುತ್ತದೆ. ಡೊಲುಟೆಗ್ರಾವಿರ್, ರಾಲ್ಟೆಗ್ರಾವಿರ್, ಬಿಕ್ಟೆಗ್ರಾವಿರ್ ಈ ಯಾವ ತೊಡಕನ್ನೂ ತರುವುದಿಲ್ಲ. ವೈರಸ್ಸಿನ ಹಿಂದಿನ ಔಷಧ ನಿರೋಧದ ಇತಿಹಾಸ ಅಡ್ಡಬರದಿದ್ದರೆ ಇವನ್ನೇ ಆರಿಸಬೇಕು, ಮತ್ತು ಬದಲಾವಣೆಯನ್ನು ಕಸಿಗೆ ಕೆಲವು ತಿಂಗಳ ಮೊದಲೇ ಮಾಡಿ, ವೈರಸ್ ಹತೋಟಿಯಲ್ಲೇ ಉಳಿದಿದೆಯೆಂದು ನೋಡಿಕೊಳ್ಳಬೇಕು. ರಕ್ತದಲ್ಲಿ ವೈರಸ್ ಅಳತೆಗೆ ಸಿಗದಷ್ಟು ಕಡಿಮೆಯಿರುವುದು ಮತ್ತು ಸಿಡಿ4 (ಎಚ್‌ಐವಿ ನಾಶಮಾಡುವ, ಪ್ರತಿರೋಧದ ಬಿಳಿ ರಕ್ತಕಣ) ಎಣಿಕೆ 200 ಅಥವಾ ಅದಕ್ಕಿಂತ ಹೆಚ್ಚಿರುವುದು ಕಸಿಗೆ ಸಾಮಾನ್ಯವಾಗಿ ಕೇಳುವ ಅರ್ಹತೆ.

ಡೊಲುಟೆಗ್ರಾವಿರ್ ಶುರುಮಾಡಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ಅಂದಾಜಿಸಲು ರಕ್ತದಲ್ಲಿ ಅಳೆಯುವ ತ್ಯಾಜ್ಯ) ಸುಮಾರು 0.1ರಿಂದ 0.2ರಷ್ಟು ಏರುವುದುಂಟು. ಮೂತ್ರಪಿಂಡದ ಸೋಸುವ ಶಕ್ತಿ ಕುಗ್ಗಿರುವುದಿಲ್ಲ; ಕ್ರಿಯಾಟಿನಿನ್ ನಾಳಿಕೆಯ ಮೂಲಕ ಹೊರಹೋಗುವುದನ್ನು ಈ ಔಷಧ ಸ್ವಲ್ಪ ತಡೆಯುತ್ತದೆ, ಅಷ್ಟೆ. ಕಸಿಯಾದ ಮೇಲೆ ಈ ಬದಲಾವಣೆ ಮಾಡಿದರೆ ಈ ಏರಿಕೆಯನ್ನು ತಿರಸ್ಕಾರವೆಂದು ತಿಳಿದು ಬೇಡದ ಬಯಾಪ್ಸಿ ಮಾಡುವ ಸಂದರ್ಭ ಬರಬಹುದು. ಮೊದಲೇ ಬದಲಿಸಿಕೊಳ್ಳಲು ಇದೂ ಒಂದು ಕಾರಣ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿದ್ದರೆ ಡೊಲುಟೆಗ್ರಾವಿರ್ ಅನ್ನು ಅವುಗಳಿಗಿಂತ ಎರಡು ಗಂಟೆ ಮೊದಲು ಅಥವಾ ಆರು ಗಂಟೆ ನಂತರ ತೆಗೆದುಕೊಳ್ಳಬೇಕು.

ಎಚ್‌ಐವಿ ಇದ್ದ ದಾನಿಯಿಂದ ಎಚ್‌ಐವಿ ಇರುವವರಿಗೆ ಮೂತ್ರಪಿಂಡ ಕಸಿ ಮಾಡುವುದನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2008ರಲ್ಲಿ ಆರಂಭಿಸಲಾಯಿತು. ಅಮೆರಿಕ 2013ರ ಕಾನೂನಿನ ಮೂಲಕ ಇದನ್ನು ಸಂಶೋಧನೆಯ ಚೌಕಟ್ಟಿನಲ್ಲಿ ಒಪ್ಪಿತು. ಅಲ್ಲಿನ 198 ಕಸಿಗಳನ್ನು ಹೋಲಿಸಿದ ಅಧ್ಯಯನ, ದಾನಿಗೆ ಎಚ್‌ಐವಿ ಇದ್ದರೂ ಇಲ್ಲದಿದ್ದರೂ ಫಲಿತಾಂಶ ಒಂದೇ ಮಟ್ಟದ್ದೆಂದು 2024ರಲ್ಲಿ ತೋರಿಸಿತು. ಅದೇ ವರ್ಷ ನವೆಂಬರ್‌ನಲ್ಲಿ ಸಂಶೋಧನೆಯ ಷರತ್ತನ್ನೂ ಕೈಬಿಡಲಾಯಿತು. ಕಾನೂನು ಒಪ್ಪುವ ದೇಶಗಳಲ್ಲಿ ಬೇಗ ಅಂಗ ಸಿಗಲು ಇದು ಒಳ್ಳೆಯ ದಾರಿ. ದಾನಿಯ ವೈರಸ್ ಯಾವ ಔಷಧಗಳಿಗೆ ಬಗ್ಗುತ್ತದೆ ಎಂಬುದನ್ನು ಮಾತ್ರ ಮೊದಲೇ ತಿಳಿದಿರಬೇಕು.

ಯಾವ ಪರೀಕ್ಷೆಯನ್ನು ನಂಬುವುದು?

ಪ್ರತಿಕಾಯ ಪರೀಕ್ಷೆ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಸೋಂಕು ತಗಲಿ ಪ್ರತಿಕಾಯ ಹುಟ್ಟುವವರೆಗಿನ ವಾರಗಳಲ್ಲಿ ಅದು ನೆಗೆಟಿವ್ ತೋರಿಸುತ್ತದೆ, ಪ್ರತಿರೋಧ ಶಕ್ತಿ ಕುಗ್ಗಿದವರಲ್ಲಿ ಪ್ರತಿಕಾಯವೇ ಹುಟ್ಟದಿರಬಹುದು. ವೈರಸ್ಸಿನ ವಂಶವಾಹಿಯನ್ನೇ ಹುಡುಕುವ ನ್ಯಾಟ್ ಪರೀಕ್ಷೆ ಆ ಅಂತರವನ್ನು ದಿನಗಳಿಗೆ ಇಳಿಸುತ್ತದೆ. ದಾನಿಗೂ ಪಡೆಯುವವರಿಗೂ ಎರಡೂ ಬಗೆಯ ಪರೀಕ್ಷೆ ಆಗಬೇಕು. ಕಸಿಯಾದ 4ರಿಂದ 6 ವಾರದೊಳಗೆ ಮೂರೂ ವೈರಸ್‌ಗಳಿಗೆ ನ್ಯಾಟ್ ಮತ್ತೊಮ್ಮೆ ಆಗಬೇಕು. ಯಕೃತ್ತು ಕೆಟ್ಟಾಗ ರಕ್ತದಲ್ಲಿ ಏರುವ ಎಎಲ್‌ಟಿ ಕಿಣ್ವದ ಮಟ್ಟ ಸರಿಯಿದೆ ಎಂಬುದನ್ನು ಸೋಂಕಿಲ್ಲವೆಂಬುದಕ್ಕೆ ಆಧಾರವಾಗಿ ಒಪ್ಪಬಾರದು, ಏಕೆಂದರೆ ಡಯಾಲಿಸಿಸ್‌ನಲ್ಲಿರುವವರಲ್ಲಿ ಅದು ಸೋಂಕಿದ್ದರೂ ಕೆಳಗೇ ಇರುವುದುಂಟು.

ಎರಡು ಸೋಂಕುಗಳು ಒಟ್ಟಿಗಿದ್ದಾಗ

ಹೆಪಟೈಟಿಸ್ ಸಿಗೆ ಚಿಕಿತ್ಸೆ ಶುರುಮಾಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ, ಏಕೆಂದರೆ ಸಿ ವೈರಸ್ ಹೋದೊಡನೆ ಅದುವರೆಗೆ ಅದುಮಿಟ್ಟಿದ್ದ ಬಿ ವೈರಸ್ ಕೆರಳಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲೇ ಇದರ ಬಗ್ಗೆ ಗಂಭೀರ ಎಚ್ಚರಿಕೆ ಕೊಟ್ಟಿದೆ. ಎಚ್‌ಐವಿ ಮತ್ತು ಹೆಪಟೈಟಿಸ್ ಬಿ ಎರಡೂ ಇರುವವರಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. ಮೂತ್ರಪಿಂಡವನ್ನು ಕಾಪಾಡಲೆಂದು ಟೆನೋಫೋವಿರ್ ಬಿಟ್ಟು, ಡೊಲುಟೆಗ್ರಾವಿರ್ ಮತ್ತು ಲಾಮಿವುಡಿನ್ ಮಾತ್ರ ಇರುವ ಎರಡು ಔಷಧಗಳ ಮಾತ್ರೆಗೆ ಬದಲಿಸುವುದು ಎಚ್‌ಐವಿಯ ದೃಷ್ಟಿಯಿಂದ ಚೆನ್ನಾಗಿಯೇ ಕಾಣುತ್ತದೆ. ಆದರೆ ಹಾಗೆ ಮಾಡಿದಾಗ ಹೆಪಟೈಟಿಸ್ ಬಿ ಎದುರು ಉಳಿಯುವುದು ಲಾಮಿವುಡಿನ್ ಒಂದೇ. ಎಚ್‌ಐವಿಗೆ ಪೂರ್ಣ ಚಿಕಿತ್ಸೆ ನಡೆಯದಿರುವಾಗ ಎಂಟೆಕಾವಿರ್ ಒಂದನ್ನೇ ಕೊಟ್ಟರೂ ತಪ್ಪಾಗುತ್ತದೆ, ಅದು ಎಚ್‌ಐವಿಯನ್ನು ಲಾಮಿವುಡಿನ್‌ಗೆ ಬಗ್ಗದಂತೆ ಮಾಡಬಲ್ಲದು. ಇಂಥವರಿಗೆ ಟಿಎಎಫ್ ಇರುವ, ರಿಟೋನಾವಿರ್ ಅಥವಾ ಕೋಬಿಸಿಸ್ಟಾಟ್ ಇಲ್ಲದ ಸಂಯೋಜನೆಯೇ ಮೊದಲ ಆಯ್ಕೆಯಾಗಬೇಕು. ಯಾವುದೋ ಕಾರಣಕ್ಕೆ ಟಿಎಎಫ್ ಬಿಡಲೇಬೇಕಾಗಿ ಬಂದರೆ, ಎಚ್‌ಐವಿಯ ಪೂರ್ಣ ಚಿಕಿತ್ಸೆಯ ಜೊತೆಗೆ ಎಂಟೆಕಾವಿರ್ ಸೇರಿಸಿದ ಮೇಲೆಯೇ ಅದನ್ನು ನಿಲ್ಲಿಸಬೇಕು.